ನಿಂತಲ್ಲೇ ತಿರುಗಿದ ಕಾರು

ನಮ್ಮ ಮನೆಯಲ್ಲಿ ಕಾರುಗಳಿಗೆ ಬರವಿಲ್ಲ. ಮಂಚದ ಕೆಳಗೆ ಒಂದು, ಬಚ್ಚಲಿನ ಬಾಗಿಲ ಪಕ್ಕ ಎರಡು, ನನ್ನ ಹೊಲಿಗೆ ಯಂತ್ರದ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟವು ಇನ್ನೆಷ್ಟೋ. ಎಲ್ಲವೂ ಮಕ್ಕಳು ಕೂತು ಓಡಿಸುವ ಬ್ಯಾಟರಿ ಕಾರುಗಳು. ಒಂದಕ್ಕೆ ಚಕ್ರವಿಲ್ಲ, ಒಂದಕ್ಕೆ ಸೀಟಿಲ್ಲ, ಮತ್ತೊಂದಕ್ಕೆ ಹಾರನ್ ಬಿಟ್ಟರೆ ಬೇರೇನೂ ಇಲ್ಲ. ಅಪ್ಪಿತಪ್ಪಿ ಕಾಲು ತಗುಲಿತೋ, ಆ ಹಾರನ್ ಹಾಡಲು ಶುರುಮಾಡುತ್ತದೆ. ಎಷ್ಟು ಬೈದರೂ ಹಾಡು ಮುಗಿಯುವ ತನಕ ನಿಲ್ಲುವುದಿಲ್ಲ. ನಾನು ದರ್ಜಿ. ಮುಂದಿನ ಕೋಣೆ ನನ್ನ ಅಂಗಡಿ, ಹಿಂದಿನ ಕೋಣೆ ನಮ್ಮ ಸಂಸಾರ ಎಂದು ಒಂದು ಕಾಲದಲ್ಲಿ ಲೆಕ್ಕವಿತ್ತು. ಈಗ ಎರಡೂ ಅವಳದೇ. ಅವಳು ಎಂದರೆ ನನ್ನ ಹೆಂಡತಿ. ಬೀದಿಯ ಮಕ್ಕಳು ಕಾರಜ್ಜಿ ಎನ್ನುತ್ತಾರೆ. ನಾನು ಏನೆನ್ನುತ್ತೇನೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಅವಳು ಮೊದಲು ವಾಹನಗಳಿಗೆ ವೈರು ಜೋಡಿಸುವ ಕಾರ್ಖಾನೆಯಲ್ಲಿದ್ದಳು. ಉದ್ದನೆಯ ಹಲಗೆ, ಅದರ ತುಂಬ ಮೊಳೆಗಳು; ಆ ಮೊಳೆಗಳ ನಡುವೆ ಬಣ್ಣಬಣ್ಣದ ವೈರುಗಳನ್ನು ಎಳೆದು, ಟೇಪು ಸುತ್ತಿ, ಜಡೆ ಹೆಣೆದ ಹಾಗೆ ಮಾಡಿ ಮುಂದಿನವರಿಗೆ ದಾಟಿಸುವುದು ಅವಳ ಕೆಲಸ. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತಾಗಲೂ ಅವಳ ಬೆರಳು ಮೇಜಿನ ಅಂಚಿನಲ್ಲಿ ಏನನ್ನೋ ಸುತ್ತುತ್ತಿತ್ತು. ಕಾರ್ಖಾನೆಯ ಆ ವಿಭಾಗ ಬೇರೆ ಊರಿಗೆ ಹೋದಾಗ ಅವಳು ಹೋಗಲಿಲ್ಲ. ಮನೆಯಲ್ಲಿ ಕೂತಳು. ಕೂತಳು ಎಂದರೆ ಸುಳ್ಳು. ಮೊದಲು ನನ್ನ ಯಂತ್ರದ ಮೋಟಾರು ಬಿಚ್ಚಿದಳು, ಆಮೇಲೆ ಫ್ಯಾನು, ಆಮೇಲೆ ಪಕ್ಕದ ಮನೆಯವರ ಮಿಕ್ಸಿ. ಒಂದು ದಿನ ಕಸದ ತೊಟ್ಟಿಯ ಪಕ್ಕ ಯಾರೋ ಎಸೆದಿದ್ದ ಕೆಂಪು ಜೀಪೊಂದನ್ನು ಸೊಂಟದ ಮೇಲೆ ಕೂಸಿನಂತೆ ಹೊತ್ತುಕೊಂಡು ಬಂದಳು.

"ಇದನ್ನ ಯಾಕೆ ತಂದೆ ಮಾರಾಯ್ತಿ? ಇರೋ ಜಾಗಕ್ಕೆ ನಾವಿಬ್ರೇ ಹೆಚ್ಚು" ಎಂದೆ.

"ಬರೀ ಫ್ಯೂಸ್ ಹೋಗಿದೆ ರೀ. ಫ್ಯೂಸ್ ಹೋಗಿದ್ದಕ್ಕೆ ಯಾರಾದ್ರೂ ಕಾರು ಎಸೀತಾರಾ?"

ಎಸೆಯುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಅವಳ ಪ್ರಕಾರ ಎಸೆದ ಕಾರುಗಳಲ್ಲಿ ಮುಕ್ಕಾಲು ಪಾಲು ಸತ್ತಿರುವುದೇ ಇಲ್ಲ. ಸೀಟಿನ ಕೆಳಗಿನ ಬ್ಯಾಟರಿ ತಿಂಗಳುಗಟ್ಟಲೆ ಚಾರ್ಜಿಲ್ಲದೆ ಬಿದ್ದು ಹಾಳಾಗಿರುತ್ತದೆ, ಇಲ್ಲವೇ ಕಾಲಡಿಯ ಪೆಡಲಿನ ಸ್ವಿಚ್ಚಿಗೆ ಮಣ್ಣು ತುಂಬಿರುತ್ತದೆ. "ಬ್ಯಾಟರಿ ಸತ್ತೋಯ್ತು ಅಂತಾರೆ. ಕೊಂದೋರು ಅವ್ರೇ" ಎಂದು ಗೊಣಗುತ್ತಾಳೆ. ಕೆಲಸ ಮಾಡುವಾಗ ಕಾರನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸುತ್ತಾಳೆ. ಚಕ್ರ ಗಾಳಿಯಲ್ಲಿ ತಿರುಗಬೇಕು, ಕಾರು ಓಡಿಹೋಗಬಾರದು, ಅದಕ್ಕೆ. ಆ ಹೊತ್ತಿನಲ್ಲಿ ನೀವು ಅವಳನ್ನು ಕರೆದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಟೀ ತಣ್ಣಗಾಗುತ್ತದೆ, ನನ್ನ ಪಿತ್ತ ನೆತ್ತಿಗೇರುತ್ತದೆ, ಅವಳು ಮಾತ್ರ ಚಕ್ರ ನೋಡುತ್ತ ಕೂತಿರುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ವಿಷಯ ನಮ್ಮ ಮೊಮ್ಮಗಳದು.

ಮಗಳ ಮಗಳು. ಐದು ವರ್ಷದ ಪೋರಿ. ಹುಟ್ಟಿದಾಗಿನಿಂದಲೂ ಅವಳ ಸ್ನಾಯುಗಳಲ್ಲಿ ಬಲವಿಲ್ಲ. ಕಾಲೂರಿ ನಿಲ್ಲಲಾರಳು. ಕೈ ಎದುರಿಗಿರುವುದನ್ನು ಮೆಲ್ಲಗೆ ಒತ್ತಬಲ್ಲದು, ಹಿಡಿಯಲಾರದು. ಬಾಯಿಗೆ ಮಾತ್ರ ದೇವರು ಉಳಿದೆಲ್ಲದರ ಪಾಲನ್ನೂ ಸೇರಿಸಿ ಕೊಟ್ಟಿದ್ದಾನೆ. ನಾವು ಅವಳನ್ನು ಜೋರಮ್ಮ ಎಂದೇ ಕರೆಯುವುದು. ಅಳಿಯ ಲಾರಿಯ ಮೇಲೆ ಊರೂರು ಸುತ್ತುವವನು. ಮಗಳು ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಜೋರಮ್ಮನ ದರ್ಬಾರು ನಮ್ಮ ಮನೆಯಲ್ಲಿ. "ತಾತ, ಎತ್ಕೋ. ಕಿಟಕಿ ಹತ್ರ ಹೋಗು. ಅಲ್ಲಿ ಬೇಡ, ಈಚೆಗೆ. ನಿನ್ನ ಮೂಳೆ ಚುಚ್ಚುತ್ತೆ, ಅಜ್ಜೀನ ಕರಿ." ನಾನು ಅಷ್ಟು ವಿಧೇಯನಾಗಿ ಇನ್ಯಾರ ಮಾತನ್ನೂ ಕೇಳಿದವನಲ್ಲ.

ಒಂದು ದಿನ ಮೇಲಿನ ಮನೆಯ ಹುಡುಗಿಯೊಬ್ಬಳು ರಿಪೇರಿಯಾದ ತನ್ನ ಕಾರನ್ನು ತೆಗೆದುಕೊಂಡು ಹೋಗಲು ಬಂದಳು. ಅಲ್ಲೇ ಅದರಲ್ಲಿ ಕೂತು, ನನ್ನ ಕತ್ತರಿಸುವ ಮೇಜಿನ ಸುತ್ತ ಒಂದು ಸುತ್ತು ಹೊಡೆದು, ಟಾಟಾ ಮಾಡಿ ಹೊರಟುಹೋದಳು. ಜೋರಮ್ಮ ನನ್ನ ತೊಡೆಯ ಮೇಲಿದ್ದಳು. ಆ ಹುಡುಗಿ ಹೋದ ಬಾಗಿಲನ್ನೇ ನೋಡುತ್ತಿದ್ದಳು.

"ಅಜ್ಜಿ, ನನ್ನನ್ನೂ ಕಳ್ಸು. ಎತ್ಕೊಳ್ದೆ."

"ಎಲ್ಲಿಗೆ ಪುಟ್ಟಿ?"

"ಎಲ್ಲಿಗಾದ್ರೂ."

ನನ್ನ ಹೆಂಡತಿ ಎದ್ದು ಹೋಗಿ ರಾಶಿಯಿಂದ ಒಂದು ಪುಟ್ಟ ಹಸಿರು ಕಾರನ್ನು ಎಳೆದು, ಬಕೆಟ್ಟಿನ ಮೇಲೆ ಕೂರಿಸಿ, ಸ್ಕ್ರೂ ಬಿಚ್ಚತೊಡಗಿದಳು. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಆ ಬೆನ್ನು ನೋಡಿದರೆ ಸಾಕು, ಇನ್ನು ಇವಳು ಬಿಡುವವಳಲ್ಲ ಎಂದು ಗೊತ್ತಾಗುತ್ತದೆ.

ಮೊದಲು ಅವಳು ಮಾಡಿದ್ದು ಸುಲಭದ್ದು. ಕಾಲಡಿಯ ಪೆಡಲೂ ಒಂದು ಸ್ವಿಚ್ಚೇ ತಾನೇ? ಅದನ್ನು ಕಿತ್ತು ಮಗುವಿನ ಕೈಗೆಟಕುವಲ್ಲಿ ಇಟ್ಟು, ಮೇಲೆ ಡಬ್ಬಿಯ ಅಗಲವಾದ ಮುಚ್ಚಳ ಕೂರಿಸಿದಳು. ಮುಚ್ಚಳ ಒತ್ತಿದರೆ ಕಾರು ಹೋಗಬೇಕು. ಹೋಯಿತು; ಆದರೆ ಧಡ್ಡನೆ ಹೋಯಿತು. ಮಗುವಿನ ಕುತ್ತಿಗೆ ಹಿಂದಕ್ಕೆ ವಾಲಿ, ಅವಳು ಕಿಟಾರನೆ ಕಿರುಚಿದಳು. ಮಗಳು ಆಗ ತಾನೇ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಚೀಲ ಎಸೆದು ಓಡಿಬಂದು ಮಗುವನ್ನು ಎತ್ತಿಕೊಂಡಳು. ಏನೂ ಪೆಟ್ಟಾಗಿರಲಿಲ್ಲ.

ಎರಡನೆಯ ಸಲ ಅವಳು ಹುಷಾರಾದಳು. ಕೆಲವು ದುಬಾರಿ ಕಾರುಗಳಲ್ಲಿ, ಒಮ್ಮೆಲೇ ನುಗ್ಗದೆ ಮೆಲ್ಲಮೆಲ್ಲನೆ ವೇಗ ಹಿಡಿಯುವಂತೆ ಮಾಡುವ ಒಂದು ಸಣ್ಣ ಬೋರ್ಡ್ ಇರುತ್ತದಂತೆ. ಅಂಥ ಒಂದು ಕಾರು ಸಿಗುವವರೆಗೆ ಗುಜರಿಯವನ ಪ್ರಾಣ ತಿಂದಳು. ಬೋರ್ಡ್ ಕಿತ್ತು ಹಸಿರು ಕಾರಿಗೆ ಹಾಕಿದಳು. ಈ ಸಲ ಕಾರು ಹೂವೆತ್ತಿದ ಹಾಗೆ ಹೊರಟಿತು. ಜೋರಮ್ಮ ಕೇಕೆ ಹಾಕಿದಳು. ಕಾರು ನೆಟ್ಟಗೆ ಹೋಗಿ ಬಟ್ಟೆಯ ಬೀರುವಿಗೆ ಮೂಗು ತಾಗಿಸಿ ನಿಂತಿತು. ಅಲ್ಲಿಂದ ತಿರುಗಬೇಕಾದರೆ ಸ್ಟಿಯರಿಂಗ್ ಹಿಡಿಯಬೇಕು. ಅವಳ ಕೈ ಹಿಡಿಯುವುದಿಲ್ಲವಲ್ಲ.

"ತಾತ, ತಿರುಗ್ಸು."

ತಿರುಗಿಸಿದೆ. ಗೋಡೆಗೆ ಹೋಗಿ ನಿಂತಳು. "ತಾತ, ತಿರುಗ್ಸು." ಮತ್ತೆ ತಿರುಗಿಸಿದೆ. ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಯಿತು. ಕೊನೆಗೆ ಅವಳೇ ಮುಚ್ಚಳದಿಂದ ಕೈ ತೆಗೆದಳು. "ಇದೂ ಎತ್ಕೊಂಡ ಹಾಗೇನೇ. ಇಳ್ಸು ನನ್ನ" ಎಂದಳು. ಇಳಿಸಿದ ಮೇಲೆ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಮಗಳು ಮಗುವನ್ನು ಬಿಡಲು ಬಂದಾಗ ಒಳಗೆ ಬರಲಿಲ್ಲ, ಅಮ್ಮನನ್ನೇ ಬಾಗಿಲಿಗೆ ಕರೆದಳು.

"ಅಮ್ಮ, ಸಾಕು ಕಣಮ್ಮ. ನಾಳೆ ನಾನೇ ಹೋಗ್ತೀನಿ, ನಾನೇ ಹೋಗ್ತೀನಿ ಅಂತ ಹೇಳ್ಕೊಂಡೇ ಮಲಗ್ತಾಳೆ. ಆಮೇಲೆ ಆಗಲ್ಲ. ಅತ್ತು ಅತ್ತು ಮುಖ ಊದಿಸ್ಕೊಳ್ತಾಳೆ. ನಿನಗೆ ಅದು ರಿಪೇರಿ, ಅವಳಿಗೆ ಅದು..." ಮೂಗು ಒರೆಸಿಕೊಂಡು ಹೇಳಿದಳು: "ಇನ್ನೊಂದು ಸಲ ಆಸೆ ಹುಟ್ಟಿಸಿ ಹಾಳು ಮಾಡಿದ್ರೆ, ಅವಳನ್ನ ಬೇರೆ ಎಲ್ಲಾದ್ರೂ ಬಿಟ್ಟು ಕೆಲಸಕ್ಕೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡ."

ನನ್ನ ಹೆಂಡತಿ ಬೇಜಾರೂ ಮಾಡಿಕೊಳ್ಳಲಿಲ್ಲ, ಜಗಳವೂ ಆಡಲಿಲ್ಲ. "ಇನ್ನೊಂದೇ ಸಲ ಕೂರಿಸ್ತೀನಿ. ಸರಿಹೋಯ್ತು ಅನ್ನೋವರೆಗೆ ಅವಳ ಕಣ್ಣಿಗೂ ಬೀಳಿಸಲ್ಲ" ಎಂದಳು, ಅಷ್ಟೇ.

ಅಂದಿನಿಂದ ಹಸಿರು ಕಾರು ಕೋಟಿನ ಒಳಪದರಕ್ಕೆಂದು ಇಟ್ಟಿದ್ದ ನನ್ನ ಒಂದು ಒಳ್ಳೆಯ ಅಸ್ತರಿ ಬಟ್ಟೆಯ ಕೆಳಗೆ ಅಡಗಿತು. ಮಗು ಇರುವಾಗ ಅದನ್ನು ಮುಟ್ಟುತ್ತಿರಲಿಲ್ಲ; ಮಗಳು ಬಂದು ಕರೆದುಕೊಂಡು ಹೋದ ಕೂಡಲೇ ಬಟ್ಟೆ ಎಳೆದು ಕೂರುತ್ತಿದ್ದಳು. ಸ್ಟಿಯರಿಂಗನ್ನು ಮೋಟಾರಿನಿಂದ ತಿರುಗಿಸಲು ನೋಡಿದಳು. ಅದರ ಪ್ಲಾಸ್ಟಿಕ್ ಹಲ್ಲುಗಳು ಮುರಿದವು. ಗಟ್ಟಿ ಹಲ್ಲಿನದು ಹಾಕಿದಳು, ಸರಳೇ ಬಾಗಿತು. "ಬಿಟ್ಟುಬಿಡೇ, ಆಗದ್ದಕ್ಕೆ ಯಾಕೆ ತಲೆ ಚಚ್ಕೊಳ್ತೀಯ" ಎಂದೆ ಒಂದು ಸಂಜೆ. ನನಗೂ ಹೆದರಿಕೆಯಿತ್ತು. ಆ ಮಗು ಬಾರದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದಾಗುತ್ತಿರಲಿಲ್ಲ.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ನೀವು ಗಿರಾಕಿಯ ಕೋಟು ಒಂದು ಸಲ ಸರಿಯಾಗಿ ಕೂರದಿದ್ರೆ ಎಸೀತೀರಾ?"

"ಕೋಟು ಬೇರೆ ಕಣೇ."

"ಏನು ಬೇರೆ? ಸುಮ್ನೆ ಟೀ ಮಾಡ್ಕೊಂಡು ಬನ್ನಿ."

ಮಾಡಿಕೊಂಡು ಬಂದೆ. ಇನ್ನೇನು ಮಾಡಲಿ?

ಈ ನಡುವೆ ಹಸಿರು ಕಾರಿನ ಎಡಗಡೆಯ ಮೋಟಾರು ಕೈಕೊಟ್ಟಿತು. ಅವಳು ಬೇರೆ ಕಂಪನಿಯ ಕಾರಿನ ಮೋಟಾರು ತಂದು ಜೋಡಿಸಿದಳು. ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ಎರಡು ಚಕ್ರಕ್ಕೂ ಒಂದೊಂದು ಮೋಟಾರು, ಒಂದರ ಬೆನ್ನು ಇನ್ನೊಂದರ ಕಡೆಗೆ. ಹಾಗಾಗಿ ಒಂದರ ವೈರನ್ನು ಅದಲುಬದಲು ಮಾಡಿ ಕೊಡಬೇಕು, ಆಗಲೇ ಎರಡೂ ಮುಂದಕ್ಕೆ ಹೋಗುವುದು. ಅವಳು ಎಂದಿನಂತೆ ಅದಲುಬದಲು ಮಾಡಿದಳು. ಆ ಹೊಸ ಮೋಟಾರಿನ ಒಳಗೆ ಕಂಪನಿಯವರು ಮೊದಲೇ ಅದಲುಬದಲು ಮಾಡಿಟ್ಟಿದ್ದರು; ಎರಡು ಸಲ ಅದಲುಬದಲಾಗಿ ಮತ್ತೆ ಮೊದಲಿನಂತೇ ಆಯಿತು. ಬಕೆಟ್ಟಿನ ಮೇಲಿಟ್ಟು ಚಾಲೂ ಮಾಡಿ, ಈ ಬದಿ ಕೂತು ನೋಡಿದಳು. ಚಕ್ರ ಎಡಕ್ಕೆ ತಿರುಗಿತು. ಎದ್ದು ಆ ಬದಿಗೆ ಹೋಗಿ ಕೂತು ನೋಡಿದಳು. ಅಲ್ಲೂ ಎಡಕ್ಕೇ ತಿರುಗಿತು. ಎರಡೂ ಒಂದೇ ಥರ ಇವೆ, ಸರಿ ಎಂದುಕೊಂಡಳು. ಆ ಕಡೆಯಿಂದ ನೋಡಿದ ಎಡ ಈ ಕಡೆಯ ಎಡವಲ್ಲ ಎಂಬುದು ದಣಿದ ತಲೆಗೆ ಹೊಳೆಯಲಿಲ್ಲ. ನಮ್ಮ ಕಸುಬಿನಲ್ಲೂ ಇದು ಉಂಟು. ಬಟ್ಟೆ ಮಡಚದೆ ಒಂದೊಂದಾಗಿ ಕತ್ತರಿಸಿದರೆ ಒಂದೇ ಅಂಗಿಗೆ ಎರಡು ಎಡತೋಳು ತಯಾರಾಗುತ್ತವೆ.

ಕಾರನ್ನು ನೆಲಕ್ಕಿಳಿಸಿ ಮುಚ್ಚಳ ಒತ್ತಿದಳು. ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ. ಮುಂದಿನ ಚಕ್ರಗಳು ನೆಲಕ್ಕೆ ಉಜ್ಜಿ ಕೀಚ್ ಎಂದು ಅರಚಿಕೊಂಡವು, ಕಾರು ನಿಂತಲ್ಲೇ ಗಿರಗಿರನೆ ಸುತ್ತಿತು. ನನ್ನ ಸೂಜಿಪೆಟ್ಟಿಗೆ ಹಾರಿತು, ಬಟನ್‌ಗಳೆಲ್ಲ ಚೆಲ್ಲಾಪಿಲ್ಲಿ. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

"ಇಷ್ಟು ದಿನ ಎಲ್ಲರ ತಲೆ ತಿರುಗಿಸ್ತಿದ್ದೆ, ಈಗ ಕಾರಿಂದೂ ತಿರುಗ್ತಲ್ಲೇ!"

ಅವಳು ನಗಲಿಲ್ಲ. ಬೈಯಲೂ ಇಲ್ಲ. ಮುಚ್ಚಳ ಬಿಟ್ಟಳು, ಕಾರು ನಿಂತಿತು. ಮತ್ತೆ ಒತ್ತಿದಳು, ಮತ್ತೆ ಸುತ್ತಿತು. ಬೀರುವಿಗೂ ಗೋಡೆಗೂ ನಡುವಿನ ಅಷ್ಟಗಲ ಜಾಗದಲ್ಲಿ, ಯಾರೂ ಸ್ಟಿಯರಿಂಗ್ ಮುಟ್ಟದೆ, ಆ ಕಾರು ಅಷ್ಟೂ ದಿಕ್ಕಿಗೂ ಮುಖ ಮಾಡಿ ಬಂತು.

"ರೀ... ಸ್ಟಿಯರಿಂಗೇ ಬೇಡ ರೀ" ಎಂದಳು. ಅವಳ ಕಣ್ಣು ನೋಡಿ ನನ್ನ ನಗು ನಿಂತುಹೋಯಿತು.

ಮುಂದಿನದು ಬರೀ ಹಟದ ಕೆಲಸ. ಸ್ಟಿಯರಿಂಗನ್ನೂ ಮುಂದಿನ ಚಕ್ರಗಳನ್ನೂ ಕಿತ್ತು ರಾಶಿಗೆ ಎಸೆದಳು. ಆ ಜಾಗಕ್ಕೆ ಕಚೇರಿಯ ಹಳೆ ಕುರ್ಚಿಯ ಕೆಳಗಿರುವ, ಎತ್ತ ಬೇಕಾದರೂ ಹೊರಳುವ ಸಣ್ಣ ಚಕ್ರಗಳು ಬಂದವು. ಒಂದರ ಬದಲು ಎರಡು ಮುಚ್ಚಳ, ಒಂದೊಂದು ಕೈಗೆ ಒಂದೊಂದು. ಎಡಗೈಯದು ಒತ್ತಿದರೆ ಕಾರು ನಿಂತಲ್ಲೇ ಎಡಕ್ಕೆ ತಿರುಗಬೇಕು, ಬಲಗೈಯದು ಒತ್ತಿದರೆ ಬಲಕ್ಕೆ, ಎರಡೂ ಒತ್ತಿದರೆ ನೇರ ಮುಂದಕ್ಕೆ. ಇದಕ್ಕಾಗಿ ಹಳೆ ಕಾರುಗಳ ಹೊಟ್ಟೆ ಬಗೆದು ಕರೆಂಟಿನ ದಿಕ್ಕು ಬದಲಿಸುವ, ಟಿಕ್ ಟಿಕ್ ಎನ್ನುವ ರಿಲೇಗಳನ್ನು ತೆಗೆದಳು, ಮೆಲ್ಲನೆ ಹೊರಡಿಸುವ ಇನ್ನೊಂದು ಬೋರ್ಡ್ ತಂದಳು, ವೈರುಗಳನ್ನು ಕಾರ್ಖಾನೆಯ ದಿನಗಳ ಹಾಗೆ ಟೇಪು ಸುತ್ತಿ ಸೀಟಿನ ಕೆಳಗೆ ಅಡಗಿಸಿದಳು. ಒಂದು ವೈರಿನ ತುದಿಯೂ ಮಗುವಿನ ಕೈಗೆ ಸಿಗುವ ಹಾಗಿರಲಿಲ್ಲ.

ನನ್ನನ್ನೂ ಬಿಡಲಿಲ್ಲ. ಮಗುವಿಗೆ ವ್ಯಾಯಾಮ ಮಾಡಿಸುವ ಮೇಡಂ ಹತ್ತಿರ ಹೋಗಿ, ಬೆನ್ನು ಕುತ್ತಿಗೆ ಹೇಗೆ ಇರಬೇಕೆಂದು ಕೇಳಿಕೊಂಡು ಬಂದು, ದಪ್ಪ ಹತ್ತಿ ತುಂಬಿದ ಒರಗು ದಿಂಬು ಮತ್ತು ಎದೆಪಟ್ಟಿ ಹೊಲಿಯಲು ಹೇಳಿದಳು. ಹೊಲಿದದ್ದನ್ನು ಬಿಚ್ಚಿಸಿದಳು. ಮತ್ತೆ ಹೊಲಿದೆ, ಮತ್ತೆ ಬಿಚ್ಚಿಸಿದಳು. ಮದುವೆ ಹುಡುಗರೂ ನನಗೆ ಇಷ್ಟು ಕಾಟ ಕೊಟ್ಟಿರಲಿಲ್ಲ. ಪರೀಕ್ಷೆಯೂ ನನ್ನಿಂದಲೇ. ಸೀಟಿನ ಮೇಲೆ ಮಗುವಿನ ತೂಕದ ಮರಳು ಚೀಲ, ಪಕ್ಕದಲ್ಲಿ ನೆಲದ ಮೇಲೆ ತೆವಳುತ್ತ ನಾನು.

"ಕೈ ಸಡಿಲ ಬಿಡಿ. ಇನ್ನೂ ಸಡಿಲ. ಬೆರಳಿಂದ ಅಲ್ಲ ರೀ, ಅಂಗೈಯಿಂದ. ಅವಳ ಕೈ ಹಾಗಿರಲ್ಲ!"

"ಅವಳ ಕೈ ಎಲ್ಲಿಂದ ತರಲೇ ನಾನು?"

"ಅವಳು ನಿಮ್ಮ ಕೆನ್ನೆ ತಟ್ತಾಳಲ್ಲ, ಹಾಗೆ ತಟ್ಟಿ."

ಹಾಗೆ ತಟ್ಟಿದೆ. ಕಾರು ಅಲುಗಲಿಲ್ಲ. ಈ ಹೊಸ ಮುಚ್ಚಳಗಳ ಕೆಳಗಿನ ಸ್ವಿಚ್ಚು ಮೊದಲಿನದಕ್ಕಿಂತ ಬಿಗಿ; ಅಷ್ಟು ಮೆತ್ತಗಿನ ಕೈಗೆ ಬಗ್ಗುತ್ತಿರಲಿಲ್ಲ. ಸ್ಪ್ರಿಂಗು ಬದಲಾಯಿಸಿದಳು, ಮುಚ್ಚಳದ ಕೀಲು ದೂರ ಸರಿಸಿದಳು, ಸ್ವಿಚ್ಚೇ ಬದಲಾಯಿಸಿದಳು. ನನ್ನ ಕೆನ್ನೆಯ ಮೇಲೆ ಆ ಪುಟ್ಟ ಕೈಯ ಭಾರ ಎಷ್ಟಿರುತ್ತದೆಂದು ನೆನೆದು ನೆನೆದು ತಟ್ಟಿದೆ. ಕೊನೆಗೊಮ್ಮೆ ಟಿಕ್ ಎಂದಿತು, ಮರಳು ಚೀಲ ಗಂಭೀರವಾಗಿ ಎಡಕ್ಕೆ ತಿರುಗಿತು. ನಾನು ನೆಲದ ಮೇಲೆ ಬಿದ್ದಲ್ಲೇ ಚಪ್ಪಾಳೆ ಹೊಡೆದೆ.

ಮಗಳ ರಜಾದಿನ ಬೆಳಗ್ಗೆ ಮಗುವಿನ ಜೊತೆ ಅವಳನ್ನು ಕರೆಸಿದೆವು. ಬಂದಳು, ಕೈಕಟ್ಟಿ ಗೋಡೆಗೊರಗಿ ನಿಂತಳು. "ನೋಡಮ್ಮ, ಮಾತು ಕೊಟ್ಟಿದ್ದೀಯ" ಎಂದಳು. ನನ್ನ ಹೆಂಡತಿ ಅಸ್ತರಿ ಬಟ್ಟೆ ತೆಗೆದಳು. ಮಗುವನ್ನು ಕೂರಿಸಿ, ಎದೆಪಟ್ಟಿ ಬಿಗಿದು, ಎರಡು ಕೈಯನ್ನೂ ಮುಚ್ಚಳಗಳ ಪಕ್ಕ ಇಟ್ಟಳು. ಬಿಗಿದ ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡಿದಳು.

"ಸ್ಟಿಯರಿಂಗ್ ಎಲ್ಲಿ?" ಎಂದಳು ಜೋರಮ್ಮ, ಸಂಶಯದಿಂದ.

"ನಿನ್ನ ಕೈಯೇ ಸ್ಟಿಯರಿಂಗು. ಎಡಗೈ ಒತ್ತು."

ಒತ್ತಿದಳು. ಕಾರು ಮೆಲ್ಲಗೆ ಎಡಕ್ಕೆ ತಿರುಗಿತು. ಗಾಬರಿಯಿಂದ ಕೈ ತೆಗೆದಳು, ನಿಂತಿತು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಯಾರು ತಿರುಗಿಸಿದರು ಎಂದು ಹುಡುಕುತ್ತಿದ್ದಳು.

"ಯಾರೂ ಮುಟ್ಟಿಲ್ಲ ಕಣೇ. ನೀನೇ" ಎಂದೆ.

"ನಾನೇ?"

"ನೀನೇ."

ಮತ್ತೆ ಒತ್ತಿದಳು. ಈ ಸಲ ಕೈ ತೆಗೆಯಲಿಲ್ಲ. ಬೀರು ಬಂತು, ಕಿಟಕಿ ಬಂತು, ಅಜ್ಜಿ ಬಂದಳು, ಅಮ್ಮ ಬಂದಳು. ತನ್ನ ಬೆನ್ನ ಹಿಂದೆ ಏನಿದೆಯೆಂದು ಆ ಮಗು ಯಾರ ಸಹಾಯವೂ ಇಲ್ಲದೆ ನೋಡಿತು. ಆಮೇಲೆ ಎರಡೂ ಕೈ ಒತ್ತಿ ಮುಂದಕ್ಕೆ ಬಂದು, ನನ್ನ ಕಾಲಿಗೆ ಸರಿಯಾಗಿ ಗುದ್ದಿದಳು. "ದಾರಿ ಬಿಡು ತಾತ!" ನೋವಾಯಿತು. ಆದರೆ ನನ್ನ ಕಣ್ಣಲ್ಲಿ ನೀರು ಬಂದದ್ದು ಆ ನೋವಿಗಲ್ಲ.

ಮಧ್ಯಾಹ್ನದವರೆಗೆ ಬೀರುವಿಗೆ ಗುದ್ದಿದಳು, ಮೇಜಿಗೆ ಗುದ್ದಿದಳು, ತಾನೇ ತಿರುಗಿಸಿಕೊಂಡಳು. ಮಗಳು ಗೋಡೆ ಬಿಟ್ಟು ಅಲುಗಿರಲಿಲ್ಲ. ನಂಬಿಕೆ ಬಾರದವಳ ಹಾಗೆ ನೋಡುತ್ತಲೇ ಇದ್ದಳು. ಕೊನೆಗೆ ತಟ್ಟೆಗೆ ಬಡಿಸಿ ಕರೆದಳು.

"ಸಾಕು, ಊಟಕ್ಕೆ ಬಾ."

"ಬರಲ್ಲ."

"ಬರ್ತೀಯೋ ಇಲ್ವೋ?"

ಜೋರಮ್ಮ ಅಮ್ಮನನ್ನು ಒಮ್ಮೆ ನೋಡಿದಳು, ಬಾಗಿಲನ್ನು ಒಮ್ಮೆ ನೋಡಿದಳು. ಬಲಗೈ ಒತ್ತಿದಳು, ತಿರುಗಿದಳು. ಎರಡೂ ಕೈ ಒತ್ತಿದಳು. ನನ್ನ ಅಂಗಡಿಯ ಬಾಗಿಲಿಗೆ ಹೊಸ್ತಿಲಿಲ್ಲ. ಹೊರಗೆ ಓಣಿ, ಗಾಡಿಗಳು ಬಾರದ, ಸಿಮೆಂಟು ಹಾಕಿದ, ನೆಟ್ಟಗಿನ ಓಣಿ. ನಮಗೆ ಅರ್ಥವಾಗುವಷ್ಟರಲ್ಲಿ ಹುಡುಗಿ ಹೊರಗಿದ್ದಳು.

"ಏಯ್! ನಿಲ್ಲೇ! ಎಲ್ಲಿಗೇ ಹೋಗ್ತಿದ್ದೀಯ?"

"ಎಲ್ಲಿಗಾದ್ರೂ!"

ಮಗಳು ಬರಿಗಾಲಲ್ಲಿ ಓಡಿದಳು. ಕೈಯಲ್ಲಿ ಅನ್ನದ ಚಮಚ, ಜಡೆ ಬಿಚ್ಚಿಹೋಗಿದೆ, ಬಾಯಿ ತುಂಬ ಬೈಗುಳ. "ಕತ್ತೆ! ಕೈಗೆ ಸಿಕ್ಕು, ಎರಡು ಬಿಡ್ತೀನಿ ನೋಡು!" ಕಾರಿನ ವೇಗ ಆಳು ನಡೆದಷ್ಟೂ ಇಲ್ಲ, ಒಂದು ಉಸಿರಿನಲ್ಲಿ ಹಿಡಿಯಬಹುದಿತ್ತು. ಆದರೂ ಓಣಿಯ ಅರ್ಧದವರೆಗೂ ಹಿಂದೆಯೇ ಓಡಿದಳು. ಮುಂದೆ ಮಗು ಕಿಲಕಿಲ ನಗುತ್ತ, ಹಿಂದೆ ಅಮ್ಮ ಕೂಗುತ್ತ. ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದರು. ಕೊನೆಗೆ ಮುಂದೆ ಹೋಗಿ ಅಡ್ಡ ನಿಂತಳು. ಎತ್ತಿಕೊಳ್ಳಲು ಬಗ್ಗಿದವಳು, ಏನನ್ನಿಸಿತೋ, ಎತ್ತಿಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, "ನೀನೇ ತಿರುಗಿಸ್ಕೊಂಡು ನಡಿ ಮನೆಗೆ" ಎಂದಳು.

ಇಬ್ಬರೂ ವಾಪಸು ಬಂದರು, ಮಗು ಮುಂದೆ, ಅಮ್ಮ ಪಕ್ಕದಲ್ಲಿ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಹತ್ತಿರ ಬಂದು ಮಗಳು ಏದುಸಿರು ಬಿಡುತ್ತ, ಅಳುತ್ತ, ನಗುತ್ತ ಹೇಳಿದಳು:

"ನೋಡಮ್ಮ, ಇವಳು ನನ್ನ ಮಾತೇ ಕೇಳಲ್ಲ."

ಈ ಓಣಿಯ ಎಲ್ಲ ತಾಯಂದಿರೂ ದಿನಾ ಹೇಳುವ ದೂರು ಅದು. ನಮ್ಮ ಮಗಳ ಬಾಯಲ್ಲಿ ನಾವು ಅದನ್ನು ಆ ದಿನ ಮೊದಲ ಸಲ ಕೇಳಿದೆವು.